ಎಳ್ಳ ಅಮಾವಾಸ್ಯೆಯ ವಾರ ರೊಟ್ಟಿ ಬಡಿಯುವವರು ಯಾರು? ಸಣ್ಣ ಉದ್ದಿಮೆಗೆ ವರ್ಷದ ಯೋಜನೆ

ಐದರಿಂದ ಹನ್ನೆರಡು ಜನರನ್ನು ಇಟ್ಟುಕೊಂಡು ನಡೆಯುವ ಉದ್ದಿಮೆಗಳು ಕಲಬುರಗಿಯ ಓಣಿ ಓಣಿಯಲ್ಲಿವೆ. ರೊಟ್ಟಿ ಕೇಂದ್ರ, ಖಾನಾವಳಿ, ಹೊಲಿಗೆ ಅಂಗಡಿ, ಸಣ್ಣ ಬೇಳೆ ಗಿರಣಿ, ಶಹಾಬಾದ್ ಕಲ್ಲಿಗೆ ಪಾಲಿಶ್ ಹಾಕುವ ಶೆಡ್. ಇಂಥವರ ಲೆಕ್ಕ ಬರೆಯುವುದು ನನ್ನ ಕಸುಬು. ನಷ್ಟವಾದ ತಿಂಗಳನ್ನು ಕೆದಕಿದಾಗ ಬಹಳ ಸಲ ಸಿಗುವ ಕಾರಣ ಒಂದೇ: ಆರ್ಡರ್ ಕೈತುಂಬ ಇದ್ದ ವಾರದಲ್ಲಿ ಕೆಲಸಕ್ಕೆ ಜನ ಇರಲಿಲ್ಲ. ಆ ವಾರ ಬರುತ್ತದೆ ಎಂಬುದು ಮಾಲೀಕರಿಗೆ ಮೊದಲೇ ಗೊತ್ತಿತ್ತು, ಏಕೆಂದರೆ ಅದು ಗೋಡೆಯ ಕ್ಯಾಲೆಂಡರಿನಲ್ಲಿ ವರ್ಷದ ಆರಂಭದಿಂದಲೇ ಅಚ್ಚಾಗಿತ್ತು.

ಎಳ್ಳ ಅಮಾವಾಸ್ಯೆಯನ್ನೇ ತೆಗೆದುಕೊಳ್ಳಿ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಅಂದು ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಹೋಳಿಗೆ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ ಭೂತಾಯಿಗೆ ಎಡೆಯೆಂದು ಹೊಲದಲ್ಲಿ ಚರಗ ಚೆಲ್ಲುವ ಹಬ್ಬ ಅದು. ನಗರದಲ್ಲಿ ನೆಲೆಸಿದ ಮನೆಗಳು ಅದೇ ರೊಟ್ಟಿಯನ್ನು ಕೇಂದ್ರದಿಂದ ತರಿಸುತ್ತವೆ. ಹೀಗಾಗಿ ಯಾವ ವಾರ ಬೇಡಿಕೆ ಹೆಚ್ಚೋ ಅದೇ ವಾರ ರೊಟ್ಟಿ ಬಡಿಯುವ ಹೆಣ್ಣುಮಕ್ಕಳಿಗೆ ತಮ್ಮ ಹೊಲಕ್ಕೆ ಹೋಗಬೇಕಾಗಿರುತ್ತದೆ. ಇದನ್ನು ಅವರ ಬೇಜವಾಬ್ದಾರಿ ಎನ್ನುವ ಮಾಲೀಕರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹಬ್ಬ ಅವರದೂ ಹೌದು. ಆ ವಾರದ ವ್ಯವಸ್ಥೆ ಮಾಡಬೇಕಾದವರು ಉದ್ದಿಮೆ ನಡೆಸುವವರು, ಅದಕ್ಕೆ ಬೇಕಾದ ಸಮಯವೂ ಅವರ ಕೈಯಲ್ಲಿದೆ.

ವರ್ಷದ ಯೋಜನೆಯನ್ನು ಸರಕಿನಿಂದ ಅಥವಾ ಸಾಲದಿಂದ ಶುರುಮಾಡುವುದು ವಾಡಿಕೆ. ಕೆಲಸಗಾರರ ಬದುಕಿನಿಂದ ಶುರುಮಾಡಿ ಎಂಬುದು ನನ್ನ ವಾದ. ಎಂಟು ಮಹಿಳೆಯರು ಕೆಲಸ ಮಾಡುವ ಒಂದು ರೊಟ್ಟಿ ಕೇಂದ್ರವನ್ನು ಉದಾಹರಣೆಯಾಗಿ ಇಟ್ಟುಕೊಂಡು ಹೆಜ್ಜೆಗಳನ್ನು ಹೇಳುತ್ತೇನೆ. ಬೇರೆ ಕಸುಬಿನವರು ಅಂಕಿಗಳನ್ನು ಬದಲಿಸಿಕೊಳ್ಳಬಹುದು.

ಹೆಜ್ಜೆ 1: ಜನರ ವರ್ಷವನ್ನು ಹಾಳೆಗೆ ಇಳಿಸಿ

ಚಾರ್ಟ್ ಪೇಪರಿನಂಥ ದೊಡ್ಡ ಹಾಳೆಯೊಂದನ್ನು ತನ್ನಿ. ಅಡ್ಡಕ್ಕೆ ಹನ್ನೆರಡು ತಿಂಗಳು, ಪ್ರತಿ ತಿಂಗಳಿಗೆ ನಾಲ್ಕು ವಾರ. ಉದ್ದಕ್ಕೆ ಒಬ್ಬೊಬ್ಬರ ಹೆಸರಿಗೆ ಒಂದು ಸಾಲು. ಕೆಳಗೆ ಎರಡು ಸಾಲು ಖಾಲಿ ಬಿಡಿ.

ಮೊದಲು ಎಲ್ಲರಿಗೂ ಸಂಬಂಧಿಸಿದ ದಿನಗಳನ್ನು ಗುರುತಿಸಿ. ಡಿಸೆಂಬರ್ ಅಥವಾ ಜನವರಿಯಲ್ಲಿ ಎಳ್ಳ ಅಮಾವಾಸ್ಯೆ. ಹೋಳಿಯ ನಂತರ ಶರಣಬಸವೇಶ್ವರರ ರಥೋತ್ಸವ, ಆಮೇಲೆ ಯುಗಾದಿ. ಶ್ರಾವಣದಲ್ಲಿ ನಾಗರ ಪಂಚಮಿ, ಅದು ಹೆಣ್ಣುಮಕ್ಕಳು ತವರಿಗೆ ಹೋಗುವ ಕಾಲ. ಮುಂದೆ ಮಹಾನವಮಿ, ದೀಪಾವಳಿ. ಖ್ವಾಜಾ ಬಂದೇನವಾಜರ ಉರುಸು, ಮೊಹರಂ ಮತ್ತು ರಂಜಾನ್ ಚಾಂದ್ರಮಾನ ಹಿಜರಿ ಪಂಚಾಂಗದವು. ಅವು ವರ್ಷದಿಂದ ವರ್ಷಕ್ಕೆ ಹತ್ತು ಹನ್ನೊಂದು ದಿನ ಮೊದಲೇ ಬರುತ್ತವೆ, ಆದ್ದರಿಂದ ಹಳೆಯ ಹಾಳೆಯನ್ನು ಹಾಗೆಯೇ ನಕಲು ಮಾಡಬಾರದು. ಯಾದಗಿರಿ ಕಡೆಯವರಿಗೆ ಸಂಕ್ರಾಂತಿಗೆ ಮೈಲಾಪುರ ಮಲ್ಲಯ್ಯನ ಜಾತ್ರೆ ಇರುತ್ತದೆ. ಹುಮನಾಬಾದ್ ಕಡೆಯವರಿಗೆ ಜನವರಿಯಲ್ಲಿ ವೀರಭದ್ರೇಶ್ವರ ಜಾತ್ರೆ.

ಆಮೇಲೆ ಹೊಲದ ಕೆಲಸ. ಜೂನ್‌–ಜುಲೈನಲ್ಲಿ ತೊಗರಿ ಬಿತ್ತನೆ, ಅದರ ಹಿಂದೆಯೇ ಕಳೆ ತೆಗೆಯುವ ವಾರಗಳು. ಸೆಪ್ಟೆಂಬರ್‌–ಅಕ್ಟೋಬರಿನಲ್ಲಿ ಹಿಂಗಾರಿ ಜೋಳದ ಬಿತ್ತನೆ. ಡಿಸೆಂಬರಿನಿಂದ ತೊಗರಿ ರಾಶಿ, ಫೆಬ್ರವರಿ–ಮಾರ್ಚಿನಲ್ಲಿ ಜೋಳದ ಸುಗ್ಗಿ. ಶಹಾಪುರ, ಸುರಪುರ ಕಡೆಯವರಾದರೆ ಹತ್ತಿ ಬಿಡಿಸುವ ದಿನಗಳೂ ಸೇರಬೇಕು. ಈ ವಾರಗಳಲ್ಲಿ ಹೊಲದ ಕೂಲಿ ಏರುತ್ತದೆ. ಎರಡು ಎಕರೆ ಸ್ವಂತ ಹೊಲ ಇರುವವರು ನಿಮ್ಮ ಪಗಾರಕ್ಕಾಗಿ ತಮ್ಮ ರಾಶಿಯನ್ನು ಬಿಟ್ಟು ಬರಲಿ ಎಂದು ನಿರೀಕ್ಷಿಸುವುದು ನ್ಯಾಯವೂ ಅಲ್ಲ, ನಡೆಯುವ ಮಾತೂ ಅಲ್ಲ.

ಮೂರನೆಯದು ಒಬ್ಬೊಬ್ಬರ ಸ್ವಂತ ದಿನಗಳು. ಇದಕ್ಕೆ ಕುಳಿತು ಮಾತಾಡಬೇಕು. ಅವರ ಊರಿನ ಜಾತ್ರೆ ಯಾವಾಗ? ಮನೆಯಲ್ಲಿ ಮದುವೆ ಇದೆಯೇ? ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಈ ವರ್ಷವೇ? ಹೆರಿಗೆಗೆ ಬರುವ ಮಗಳಿದ್ದಾಳೆಯೇ? ಈ ಪ್ರಶ್ನೆಗಳನ್ನು ರಜೆ ನಿರಾಕರಿಸುವ ಉದ್ದೇಶದಿಂದ ಕೇಳುತ್ತಿಲ್ಲ ಎಂದು ಮೊದಲೇ ಸ್ಪಷ್ಟವಾಗಿ ಹೇಳಿ. ಮೊದಲ ವರ್ಷ ಅರ್ಧದಷ್ಟು ಮಾತ್ರ ಹೊರಬರುತ್ತದೆ. ಹೇಳಿದ ದಿನಕ್ಕೆ ನಿಜವಾಗಿಯೂ ರಜೆ ಸಿಕ್ಕಿತು ಎಂದು ಕಂಡ ಮೇಲೆ ಎರಡನೆಯ ವರ್ಷ ಅವರೇ ಬಂದು ಬರೆಸುತ್ತಾರೆ.

ಕೊನೆಯದಾಗಿ ಕೆಳಗಿನ ಖಾಲಿ ಸಾಲೊಂದರಲ್ಲಿ ಬೇಡಿಕೆಯನ್ನು ಬರೆಯಿರಿ: ಮದುವೆ ಹಂಗಾಮು, ಶ್ರಾವಣದ ಊಟಗಳು, ಜಾತ್ರೆಯ ದಾಸೋಹ, ಹಾಸ್ಟೆಲುಗಳ ಕಾಯಂ ಆರ್ಡರ್. ಬೇಡಿಕೆ ಏರುವ ವಾರವೂ ಜನ ಕಡಿಮೆಯಾಗುವ ವಾರವೂ ಒಂದೇ ಆದಲ್ಲಿ ಕೆಂಪು ಗೆರೆ ಎಳೆಯಿರಿ. ವರ್ಷಕ್ಕೆ ಇಂಥವು ಐದಾರು ವಾರ ಬರಬಹುದು. ಇನ್ನುಳಿದ ವಾರಗಳನ್ನು ಉದ್ದಿಮೆ ತನ್ನ ಪಾಡಿಗೆ ತಾನು ನಡೆಸಿಕೊಂಡು ಹೋಗುತ್ತದೆ. ನಿಮ್ಮ ತಲೆ ಖರ್ಚಾಗಬೇಕಾದದ್ದು ಈ ಐದಾರು ವಾರಗಳಿಗೆ.

ಹೆಜ್ಜೆ 2: ಕೆಂಪು ವಾರಕ್ಕೆ ಮೂರು ವಾರ ಮೊದಲೇ ಲೆಕ್ಕ ಹಾಕಿ

ನಮ್ಮ ಉದಾಹರಣೆಯ ಕೇಂದ್ರದಲ್ಲಿ ಒಬ್ಬರು ದಿನಕ್ಕೆ ಆರು ಗಂಟೆಯಲ್ಲಿ 150 ರೊಟ್ಟಿ ಬಡಿಯುತ್ತಾರೆ ಎಂದುಕೊಳ್ಳೋಣ. ಎಂಟು ಜನರಿಂದ ದಿನಕ್ಕೆ 1,200. ಎಳ್ಳ ಅಮಾವಾಸ್ಯೆಯ ವಾರಕ್ಕೆ 9,000 ರೊಟ್ಟಿಯ ಬೇಡಿಕೆ ಇದೆ. ಆರು ದಿನದಲ್ಲಿ ಮೂರು ದಿನ ಎಲ್ಲರೂ ಬರುತ್ತಾರೆ, ಉಳಿದ ಮೂರು ದಿನ ಮೂವರು ಮಾತ್ರ. ಮೊದಲ ಮೂರು ದಿನಕ್ಕೆ 3,600, ಉಳಿದ ಮೂರು ದಿನಕ್ಕೆ 1,350, ಒಟ್ಟು 4,950. ಕೊರತೆ 4,050.

ಈ 4,050 ಎಂಬ ಅಂಕಿ ಹಬ್ಬದ ಹಿಂದಿನ ಸಂಜೆ ಕಂಡರೆ ಎದೆ ಒಡೆಯುತ್ತದೆ. ಮೂರು ವಾರ ಮೊದಲು ಕಂಡರೆ ಅದು ದಿನಕ್ಕೆ 225 ರೊಟ್ಟಿ ಮಾತ್ರ, ಅಂದರೆ ಒಬ್ಬೊಬ್ಬರಿಗೆ ಸುಮಾರು 28, ಒಂದು ಗಂಟೆಗಿಂತ ತುಸು ಹೆಚ್ಚಿನ ಕೆಲಸ. ಸರಿಯಾಗಿ ಒಣಗಿದ ಕಡಕ್ ರೊಟ್ಟಿ ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ನಮ್ಮ ನೆಲದ ಈ ತಿನಿಸೇ ಯೋಜನೆಗೆ ಹೇಳಿ ಮಾಡಿಸಿದ್ದು. ಆ ಹೆಚ್ಚುವರಿ ಗಂಟೆಗೆ ಸಾಮಾನ್ಯ ದರಕ್ಕಿಂತ ಹೆಚ್ಚು ಕೊಡಿ, ಎಷ್ಟು ಎಂಬುದನ್ನು ಶುರುವಾಗುವ ಮೊದಲೇ ಹೇಳಿ. ಬೇಗ ಮನೆಗೆ ಹೋಗಬೇಕಾದವರಿಗೆ ಒತ್ತಾಯ ಬೇಡ.

ದಾಸ್ತಾನು ಮಾಡಲಾಗದ ಕಸುಬುಗಳಿವೆ. ಖಾನಾವಳಿಯ ಸಾರನ್ನು ಮೂರು ವಾರ ಇಡಲಾಗದು. ಅಂಥವರಿಗೆ ಉಳಿಯುವ ದಾರಿ ಆರ್ಡರಿಗೆ ಮಿತಿ ಹಾಕುವುದು ಮತ್ತು ಬದಲಿ ಜನರನ್ನು ಮೊದಲೇ ಒಪ್ಪಿಸಿಡುವುದು. ದೀಪಾವಳಿಗೆ ಬಟ್ಟೆ ಹೊಲಿಯುವವರು ಇಂತಿಷ್ಟನೇ ತಾರೀಖಿನ ನಂತರ ಹೊಸ ಅಳತೆ ತೆಗೆದುಕೊಳ್ಳುವುದಿಲ್ಲ ಎಂಬ ಫಲಕ ಹಾಕಲಿ, ಹಾಕಿದ ಮೇಲೆ ಅದಕ್ಕೆ ಬದ್ಧರಾಗಿರಲಿ. ಪರಿಚಯದವರು ಬಂದು ಒತ್ತಾಯಿಸಿದಾಗ ಒಂದು ಜೊತೆ ಒಪ್ಪಿಕೊಂಡರೆ ರಾತ್ರಿ ಹನ್ನೊಂದರವರೆಗೆ ಮಷಿನ್ ತುಳಿಯುವವರು ಬೇರೆಯವರು ಎಂಬುದು ನೆನಪಿರಬೇಕು. ಬದಲಿ ಜನ ಎಂದರೆ ಮೊದಲು ನಿಮ್ಮಲ್ಲೇ ದುಡಿದು ಮನೆಯ ಕಾರಣಕ್ಕೆ ಬಿಟ್ಟವರು, ವಯಸ್ಸಾಯಿತೆಂದು ನಿಲ್ಲಿಸಿದವರು. ವರ್ಷಕ್ಕೆ ನಾಲ್ಕು ದಿನ ಬರಲು ಅವರಲ್ಲಿ ಅನೇಕರು ಸಂತೋಷದಿಂದ ಒಪ್ಪುತ್ತಾರೆ. ಆದರೆ ಅವರನ್ನು ಹಿಂದಿನ ದಿನ ಕರೆಯಬಾರದು, ತಿಂಗಳ ಮೊದಲು ಕೇಳಬೇಕು.

ಇನ್ನು ರಜೆಯ ಹಂಚಿಕೆ. ಕೆಂಪು ವಾರದಲ್ಲಿ ಮೂವರಾದರೂ ಇರಬೇಕಾದರೆ ಆ ಮೂವರು ಯಾರು ಎಂಬುದನ್ನು ಎಲ್ಲರ ಎದುರೇ ತೀರ್ಮಾನಿಸಿ. ಈ ಹಬ್ಬಕ್ಕೆ ಉಳಿದವರಿಗೆ ಮುಂದಿನ ದೊಡ್ಡ ಹಬ್ಬಕ್ಕೆ ಮೊದಲ ಹಕ್ಕು ಎಂಬ ನಿಯಮ ಬಹಳ ಕಡೆ ಚೆನ್ನಾಗಿ ನಡೆದಿದೆ. ನಮ್ಮ ಊರಿನ ಅಂಗಡಿಗಳಲ್ಲಿ ಹಿಂದೂ ಮುಸ್ಲಿಂ ಎರಡೂ ಮನೆಗಳವರು ಜೊತೆಗೆ ದುಡಿಯುತ್ತಾರೆ. ರಂಜಾನಿಗೆ ಇವರು ನಿಂತರೆ ದೀಪಾವಳಿಗೆ ಅವರು ನಿಲ್ಲುವ ಒಪ್ಪಂದವನ್ನು ಅವರೇ ಮಾಡಿಕೊಂಡಿರುತ್ತಾರೆ, ಮಾಲೀಕರು ಅದನ್ನು ಕೆಡಿಸದಿದ್ದರೆ ಸಾಕು. ಆದರೆ ಉರುಸಿನ ಹೊತ್ತಿಗೆ ಮತ್ತು ಹಳ್ಳಿಯ ಮೊಹರಂ ಹೊತ್ತಿಗೆ ಈ ಲೆಕ್ಕ ನಡೆಯುವುದಿಲ್ಲ. ಮೊಹರಂನ ಅಲಾಯಿ ಕುಣಿತಕ್ಕೆ ಎಲ್ಲರೂ ಊರಿಗೆ ಹೋಗುತ್ತಾರೆ. ಆ ಎರಡು ದಿನ ಬಾಗಿಲು ಮುಚ್ಚುವುದೇ ಲೇಸು. ಗಿರಾಕಿಗಳಿಗೆ ಹದಿನೈದು ದಿನ ಮೊದಲೇ ತಿಳಿಸಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಅವರೂ ಹೋಗುವವರೇ.

ಹೆಜ್ಜೆ 3: ಪಗಾರ ಮತ್ತು ಮುಂಗಡಕ್ಕೆ ಬರಹದ ನಿಯಮ

ಮುಂಗಡದ ವಿಷಯದಲ್ಲಿ ಆದಷ್ಟು ಮನಸ್ತಾಪ ಬೇರೆ ಯಾವುದರಲ್ಲೂ ಆದದ್ದನ್ನು ನಾನು ಕಂಡಿಲ್ಲ. ಮದುವೆಗೆ ಹತ್ತು ಸಾವಿರ, ಆಸ್ಪತ್ರೆಗೆ ಐದು ಸಾವಿರ, ಬಿತ್ತನೆ ಬೀಜಕ್ಕೆ ಮೂರು ಸಾವಿರ. ಕೊಡುವಾಗ ಕೊಟ್ಟವರಿಗೂ ಒಳ್ಳೆಯ ಭಾವನೆ, ತೆಗೆದುಕೊಂಡವರಿಗೂ ಋಣದ ಭಾವನೆ. ಆರು ತಿಂಗಳ ನಂತರ ಎಷ್ಟು ತೀರಿತು, ಎಷ್ಟು ಉಳಿಯಿತು ಎಂಬುದರಲ್ಲಿ ಇಬ್ಬರ ನೆನಪೂ ಬೇರೆ ಬೇರೆ.

ನಿಯಮಗಳು ಕಡಿಮೆ ಇರಲಿ, ಆದರೆ ಬರಹದಲ್ಲಿರಲಿ. ಮುಂಗಡ ಒಂದು ತಿಂಗಳ ಪಗಾರವನ್ನು ಮೀರಬಾರದು. ಬಡ್ಡಿ ಇಲ್ಲ. ಪ್ರತಿ ಬಟವಾಡೆಯಲ್ಲಿ ಎಷ್ಟು ಕಡಿತ ಎಂಬುದನ್ನು ಕೊಡುವ ದಿನವೇ ನಿಗದಿ ಮಾಡಿ, ಅದು ಮನೆಯ ದಿನಸಿಗೆ ಕೈ ಹಾಕದಷ್ಟು ಸಣ್ಣದಾಗಿರಲಿ. ನಿಮ್ಮ ಪುಸ್ತಕದಲ್ಲಿ ಬರೆದದ್ದು ಅವರ ಕೈಯಲ್ಲಿರುವ ಕಿರುಪುಸ್ತಕದಲ್ಲಿಯೂ ಇರಬೇಕು, ಎರಡಕ್ಕೂ ಇಬ್ಬರ ಸಹಿ ಬೇಕು. ಓದಲು ಬಾರದವರಿಗೆ ಅವರು ನಂಬುವ ಮೂರನೆಯವರ ಎದುರು ಓದಿ ಹೇಳಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮುಂಗಡ ತೀರುವವರೆಗೆ ಬೇರೆ ಕಡೆ ಹೋಗುವಂತಿಲ್ಲ ಎಂದು ಯಾರನ್ನೂ ಹಿಡಿದಿಡಬಾರದು. 1976ರ ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅದು ಅಪರಾಧ. ನಮ್ಮ ಭಾಗದಲ್ಲಿ ಮುಂಗಡದ ಹೆಸರಿನಲ್ಲಿ ತಲೆಮಾರುಗಳೇ ದುಡಿದು ಸವೆದಿವೆ. ಸಣ್ಣ ಉದ್ದಿಮೆಯವರು ಅದರ ನೆರಳೂ ತಮ್ಮ ಮೇಲೆ ಬೀಳದಂತೆ ನೋಡಿಕೊಳ್ಳಬೇಕು. ಬಾಕಿ ಉಳಿಸಿ ಹೋದವರಿಂದ ಕೆಲವು ಸಾವಿರ ಮುಳುಗಬಹುದು. ಮಿತಿ ಒಂದು ತಿಂಗಳ ಪಗಾರ ಇರಬೇಕು ಎಂದದ್ದು ಅದಕ್ಕಾಗಿಯೇ, ಮುಳುಗಿದರೂ ಉದ್ದಿಮೆ ಮುಳುಗದಿರಲಿ ಎಂದು.

ಬಟವಾಡೆಯ ದಿನ ಕದಲಬಾರದು. ವಾರದ ಲೆಕ್ಕವಾದರೆ ಸಂತೆಯ ಹಿಂದಿನ ಸಂಜೆ ಕೊಡಿ, ಸಂತೆ ಮುಗಿದ ಮೇಲೆ ಕೈಗೆ ಬಂದ ಹಣದಿಂದ ಉದ್ರಿ ತೀರಿಸುವುದಷ್ಟೇ ಆಗುತ್ತದೆ. ಮೊಬೈಲಿಗೆ ಹಣ ಹಾಕುವುದು ಸುಲಭ, ದಾಖಲೆಯೂ ಉಳಿಯುತ್ತದೆ. ಆದರೆ ಅನೇಕ ಹೆಣ್ಣುಮಕ್ಕಳು ಕೊಟ್ಟ ನಂಬರು ಗಂಡನದೋ ಮಗನದೋ ಆಗಿರುತ್ತದೆ. ಹಣ ಯಾವ ಖಾತೆಗೆ ಬರಬೇಕು ಎಂದು ಅವರನ್ನೇ, ಒಬ್ಬರೇ ಇದ್ದಾಗ ಕೇಳಿ. ಸ್ವಂತ ಖಾತೆ ಬೇಕೆಂದರೆ ಅರ್ಧ ದಿನ ಬಿಡುವು ಕೊಟ್ಟು ಬ್ಯಾಂಕಿಗೆ ಕಳಿಸಿ. ದುಡಿದವರ ಕೈಗೇ ಹಣ ಸೇರುವ ಕಡೆ ಅವರು ವರ್ಷಗಟ್ಟಲೆ ಉಳಿಯುತ್ತಾರೆ.

ಕಾನೂನಿನ ಅಂಶಗಳನ್ನು ಬೇಗ ಹೇಳಿಬಿಡುತ್ತೇನೆ. ಕನಿಷ್ಠ ವೇತನ ಉದ್ಯೋಗದ ಬಗೆಯ ಮೇಲೆ ನಿಗದಿಯಾಗುತ್ತದೆ, ಅದರ ತುಟ್ಟಿಭತ್ಯೆ ಸಾಮಾನ್ಯವಾಗಿ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಏಪ್ರಿಲ್ ಮೊದಲ ವಾರದಲ್ಲಿ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಹೊಸ ದರ ಕೇಳಿ ಬರೆದಿಟ್ಟುಕೊಳ್ಳಿ. ಹತ್ತು ಜನರಾದರೆ ನೌಕರರ ರಾಜ್ಯ ವಿಮೆ ಅಂದರೆ ಇಎಸ್‌ಐ ಅನ್ವಯವಾಗುತ್ತದೆ: ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಇರುವವರಿಗೆ ಮಾಲೀಕರ ವಂತಿಗೆ ಶೇ 3.25, ಕೆಲಸಗಾರರದ್ದು ಶೇ 0.75. ಕಲಬುರಗಿಯ ಸೇಡಂ ರಸ್ತೆಯಲ್ಲಿ ಇಎಸ್‌ಐ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜೇ ಇರುವಾಗ ಇದನ್ನು ಹೊರೆ ಎಂದು ತಪ್ಪಿಸಿಕೊಳ್ಳುವುದು ನನಗೆ ಅರ್ಥವಾಗದ ಸಂಗತಿ. ಇಪ್ಪತ್ತು ಜನರಾದರೆ ಭವಿಷ್ಯ ನಿಧಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ತಾಯಿಯ ಜೊತೆ ಬಂದ ಮಗುವಿಗೆ ಸಣ್ಣಪುಟ್ಟ ಕೆಲಸ ಹಚ್ಚುವುದೂ ಬೇಡ.

ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆ ಮಾಲೀಕರೇ ಮುಂದಾಗಿ ಮಾಡಬಹುದಾದ ಒಂದು ಕೆಲಸವಿದೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, 18ರಿಂದ 70 ವರ್ಷದವರಿಗೆ ಅಪಘಾತದ ವಿಮೆ. ಜೀವನ ಜ್ಯೋತಿ ಬಿಮಾ ವರ್ಷಕ್ಕೆ 436 ರೂಪಾಯಿ, ಇದು ಜೀವ ವಿಮೆ, ಸೇರುವ ವಯಸ್ಸು 18ರಿಂದ 50. ಎರಡೂ 2 ಲಕ್ಷ ರೂಪಾಯಿವರೆಗಿನವು, ಎರಡರ ಅವಧಿಯೂ ಜೂನ್ 1ರಿಂದ ಮೇ 31. ಎಂಟು ಜನರಿಗೆ ಎರಡನ್ನೂ ನೀವೇ ಭರಿಸಿದರೆ ವರ್ಷಕ್ಕೆ 3,648 ರೂಪಾಯಿ. ಒಂದು ಮದುವೆಯ ಆರ್ಡರಿನ ಲಾಭದಲ್ಲಿ ಇದು ಕಾಣಿಸುವುದೂ ಇಲ್ಲ. ಮೇ ಕೊನೆಯಲ್ಲಿ ಎಲ್ಲರ ಖಾತೆಯಲ್ಲಿ ಅಷ್ಟು ಹಣ ಇದೆಯೇ ಎಂದು ನೋಡುವುದನ್ನು ವರ್ಷದ ಹಾಳೆಯಲ್ಲೇ ಬರೆದುಬಿಡಿ.

ಹೆಜ್ಜೆ 4: ಪ್ರತಿ ಕೆಲಸಕ್ಕೂ ಇಬ್ಬರು

ಇನ್ನೊಂದು ಹಾಳೆ ತೆಗೆದುಕೊಳ್ಳಿ. ಎಡಗಡೆ ಉದ್ದಿಮೆಯ ಎಲ್ಲ ಕೆಲಸಗಳನ್ನು ಬರೆಯಿರಿ: ಜೋಳ ಸ್ವಚ್ಛ ಮಾಡುವುದು, ಗಿರಣಿಗೆ ಒಯ್ಯುವುದು, ಹಿಟ್ಟು ನಾದುವುದು, ಬಡಿಯುವುದು, ಬೇಯಿಸುವುದು, ಎಣಿಸಿ ಕಟ್ಟುವುದು, ಆರ್ಡರ್ ಫೋನಿಗೆ ಉತ್ತರಿಸುವುದು, ವಸೂಲಿ. ಪ್ರತಿಯೊಂದರ ಎದುರು ಅದನ್ನು ಯಾರ ಸಹಾಯವೂ ಇಲ್ಲದೆ ಮಾಡಬಲ್ಲವರ ಹೆಸರು. ಒಂದೇ ಹೆಸರು ಇರುವ ಕಡೆಯೇ ಅಪಾಯ. ಅಲ್ಲಿಗೆ ಎರಡನೆಯವರನ್ನು ತಯಾರು ಮಾಡಲು ಕೆಲಸ ಕಡಿಮೆ ಇರುವ ವಾರಗಳನ್ನು ಬಳಸಿ.

ಬೇಳೆ ಗಿರಣಿಯಲ್ಲಿ ಇದು ಇನ್ನೂ ತೀಕ್ಷ್ಣವಾಗಿ ಕಾಣುತ್ತದೆ. ತೊಗರಿಗೆ ಎಣ್ಣೆ ಎಷ್ಟು ಹಚ್ಚಬೇಕು, ಬಿಸಿಲಿಗೆ ಎಷ್ಟು ಹೊತ್ತು ಹಾಕಬೇಕು, ಆ ದಿನದ ಕಾಳಿಗೆ ರೋಲರ್ ಎಷ್ಟು ಬಿಗಿ ಇರಬೇಕು ಎಂಬುದು ಒಬ್ಬ ಮಿಸ್ತ್ರಿಯ ಕೈಯಲ್ಲಿರುತ್ತದೆ. ಅವರು ಇಲ್ಲದ ದಿನ ನುಚ್ಚು ಹೆಚ್ಚಾಗುತ್ತದೆ, ಬೇಳೆಯ ದರ ಇಳಿಯುತ್ತದೆ. ಅವರಿಗೆ ಎರಡನೆಯವರನ್ನು ಕಲಿಸಲು ಹೇಳಿದರೆ ತನ್ನ ಕೆಲಸ ಹೋಗುತ್ತದೆ ಎಂಬ ಭಯ ಬರುವುದು ಸಹಜ. ಕಲಿಸುವ ಅವಧಿಗೆ ಪ್ರತ್ಯೇಕ ಭತ್ಯೆ ಕೊಡಿ, ಕಲಿಸಿದ ಮೇಲೂ ಅವರ ಸ್ಥಾನ ಮತ್ತು ಪಗಾರ ಮೇಲೆಯೇ ಇರುತ್ತದೆ ಎಂದು ಹೇಳಿ, ಹಾಗೆಯೇ ನಡೆದುಕೊಳ್ಳಿ.

ಬೀದರಿನ ಬಿದರಿ ಕೆಲಸದಲ್ಲಿ ವಾರಗಳ ಯೋಜನೆ ಸಾಲದು. ಸತು–ತಾಮ್ರದ ಎರಕ ಹೊಯ್ಯುವವರು, ಉಜ್ಜುವವರು, ಚಿತ್ತಾರ ಕೆತ್ತುವವರು, ಬೆಳ್ಳಿ ಕೂಡಿಸುವವರು, ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುವವರು, ಹೀಗೆ ಒಂದು ಹೂಜಿ ಹಲವು ಕೈ ದಾಟಿ ಬರುತ್ತದೆ. ಕೆತ್ತುವ ಕೈ ಪಳಗಲು ವರ್ಷಗಳೇ ಬೇಕು. ಅಲ್ಲಿ ಯೋಜನೆ ಎಂದರೆ ಇಂದು ಕಲಿಯಲು ಕುಳಿತ ಹುಡುಗನಿಗೆ ಮನೆ ನಡೆಯುವಷ್ಟು ಭತ್ಯೆ ಕೊಟ್ಟು ಉಳಿಸಿಕೊಳ್ಳುವುದು. ಇಲ್ಲದಿದ್ದರೆ ಅವನು ಹೈದರಾಬಾದಿನಲ್ಲಿ ಪಾರ್ಸೆಲ್ ಹಂಚುವ ಕೆಲಸಕ್ಕೆ ಹೋಗುತ್ತಾನೆ.

ಈ ಹಾಳೆಯಲ್ಲಿ ಮಾಲೀಕರು ತಮ್ಮ ಹೆಸರನ್ನೂ ಬರೆಯಬೇಕು. ವಸೂಲಿ, ಜೋಳ ಖರೀದಿ, ಬ್ಯಾಂಕ್ ಕೆಲಸ ಎಲ್ಲದರ ಎದುರೂ ನಿಮ್ಮೊಬ್ಬರದೇ ಹೆಸರಿದ್ದರೆ ನೀವು ಜ್ವರದಿಂದ ಮಲಗಿದ ವಾರ ಎಂಟು ಮನೆಗಳ ಪಗಾರ ನಿಲ್ಲುತ್ತದೆ.

ಹೆಜ್ಜೆ 5: ಬೇಸಿಗೆಗೂ ಬಸ್ಸಿಗೂ ಹೊಂದುವ ಸಮಯ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸರ್ಕಾರಿ ಕಚೇರಿಗಳೇ ಕಲಬುರಗಿ ವಿಭಾಗದಲ್ಲಿ ಆ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತವೆ. ಒಲೆಯ ಮುಂದೆ ಕೂರುವವರನ್ನು ಮಧ್ಯಾಹ್ನ ಎರಡರವರೆಗೆ ದುಡಿಸುವುದು ಕ್ರೌರ್ಯ. ಬೆಳಗಿನ ಜಾವ ಶುರುಮಾಡಿ ಹನ್ನೊಂದಕ್ಕೆ ಒಲೆ ಆರಿಸುವ ವ್ಯವಸ್ಥೆ ಮಾಡಿ. ಮದುವೆ ಹಂಗಾಮೂ ಅದೇ ಕಾಲಕ್ಕೆ ಬರುವುದರಿಂದ ಇದನ್ನು ಮಾರ್ಚಿನಲ್ಲೇ ಮಾತಾಡಿಕೊಳ್ಳಬೇಕು.

ಹಾಗೆ ಸಮಯ ಬದಲಿಸುವ ಮೊದಲು ಬಸ್ ನೋಡಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸುತ್ತಲಿನ ಹಳ್ಳಿಗಳಿಂದ ನಗರಕ್ಕೆ ದಿನವೂ ಬಂದು ಹೋಗುವುದು ಹೆಣ್ಣುಮಕ್ಕಳಿಗೆ ಹಗುರವಾಗಿದೆ. ಒಳ್ಳೆಯ ಕೈಗಳು ಈಗ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರದಿಂದಲೂ ಸಿಗುತ್ತವೆ. ಆದರೆ ಅವರ ಕೆಲಸದ ಗಂಟೆಯನ್ನು ನಿರ್ಧರಿಸುವುದು ಊರಿನ ಮೊದಲ ಬಸ್ಸು ಮತ್ತು ಕೊನೆಯ ಬಸ್ಸು. ಪ್ರತಿಯೊಬ್ಬರ ಬಸ್ಸಿನ ವೇಳೆಯನ್ನು ಹಾಜರಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಓಣಿಯಲ್ಲೇ ಇರುವವರು ನಸುಕಿಗೆ ಬಂದು ಒಲೆ ಹಚ್ಚಲಿ, ಹಳ್ಳಿಯಿಂದ ಬರುವವರು ಎಂಟಕ್ಕೆ ಬಂದು ಕಟ್ಟುವ ಕೆಲಸ ಹಿಡಿಯಲಿ. ಸಂಜೆಯ ಬಸ್ ತಪ್ಪುವಷ್ಟು ಹೊತ್ತು ಯಾರನ್ನೂ ನಿಲ್ಲಿಸಬೇಡಿ. ಒಂದು ಸಲ ತಪ್ಪಿದರೆ ಮನೆಯವರು ಮರುದಿನದಿಂದ ಕಳಿಸುವುದಿಲ್ಲ.

ಹೆಜ್ಜೆ 6: ಸರಕಿಗಿಂತ ಮೊದಲು ಪಗಾರದ ಹಣ

ಜೋಳದ ಸುಗ್ಗಿ ಮುಗಿಯುವ ಹೊತ್ತಿಗೆ ಗುಂಜಿನಲ್ಲಿ, ಅಂದರೆ ಕಾಳಿನ ಸಗಟು ಮಾರುಕಟ್ಟೆಯಲ್ಲಿ, ಮಾಲು ಹೇರಳ. ಇಡೀ ವರ್ಷದ ಜೋಳವನ್ನು ಆಗಲೇ ಕೊಂಡಿಡುವ ಆಸೆ ಸಹಜ. ಕೊಳ್ಳಿ, ಆದರೆ ಎರಡು ತಿಂಗಳ ಪಗಾರವನ್ನು ಬೇರೆ ಖಾತೆಯಲ್ಲಿ ಇಟ್ಟ ಮೇಲೆ. ಗೋದಾಮು ತುಂಬಿದ್ದು ಬಟವಾಡೆಗೆ ಹಣವಿಲ್ಲದಿದ್ದರೆ ಜೋಳ ಉಳಿಯುತ್ತದೆ, ಜನ ಉಳಿಯುವುದಿಲ್ಲ.

ಮುಂದಿನ ಹನ್ನೆರಡು ವಾರಗಳಿಗೆ ಬರುವ ಹಣ ಮತ್ತು ಹೋಗುವ ಹಣವನ್ನು ಎರಡು ಸಾಲಿನಲ್ಲಿ ಬರೆಯಿರಿ, ಪ್ರತಿ ಸೋಮವಾರ ತಿದ್ದಿ. ಬರುವ ಹಣವನ್ನು ಗಿರಾಕಿ ಹೇಳಿದ ದಿನಕ್ಕೆ ಬರೆಯದೆ, ಹಿಂದೆ ಅವರು ನಿಜವಾಗಿ ಕೊಟ್ಟ ರೂಢಿಯ ಪ್ರಕಾರ ಬರೆಯಿರಿ. ಹೋಟೆಲ್, ಹಾಸ್ಟೆಲುಗಳಿಗೆ ಉದ್ರಿ ಕೊಡುವವರು ಸಣ್ಣ ಉದ್ದಿಮೆಗಳಿಗಾಗಿ ಇರುವ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಂಡಿರಲಿ, ಅದಕ್ಕೆ ಶುಲ್ಕವಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯಂತೆ ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಕೊಂಡವರು ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಒಪ್ಪಂದ ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ತಡವಾದರೆ ಬಡ್ಡಿ ಸೇರುತ್ತದೆ. ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆ ಮತ್ತು ಈ ಗಡುವನ್ನು ಅಚ್ಚು ಹಾಕಿಸಿದರೆ ಕೆಲವರಾದರೂ ನೆನಪಿಟ್ಟುಕೊಳ್ಳುತ್ತಾರೆ.

ಹೆಜ್ಜೆ 7: ವಾರಕ್ಕೊಮ್ಮೆ ಕುಳಿತು ಮಾತು

ಬಟವಾಡೆಯ ಸಂಜೆ ಚಹಾ ಕುಡಿಯುತ್ತ ಕಾಲು ಗಂಟೆ. ಮುಂದಿನ ವಾರದ ಆರ್ಡರ್ ಎಷ್ಟು, ಯಾರು ಬರುವುದಿಲ್ಲ, ಯಾವ ಒಲೆ ಕೆಟ್ಟಿದೆ. ಇಷ್ಟೇ. ವರ್ಷದ ಹಾಳೆ ಗೋಡೆಯ ಮೇಲಿರಲಿ, ಬದಲಾವಣೆಯನ್ನು ಅಲ್ಲೇ ಎದ್ದು ತಿದ್ದಿ. ಒಬ್ಬರ ತಪ್ಪನ್ನು ಈ ಕೂಟದಲ್ಲಿ ಎತ್ತಬೇಡಿ, ಅದನ್ನು ಅವರೊಬ್ಬರಿಗೇ ಹೇಳಿ. ಸಂಬಂಧಿಕರನ್ನು ಕೆಲಸಕ್ಕೆ ಇಟ್ಟುಕೊಂಡಿದ್ದರೆ ಅವರ ಹಾಜರಿಯೂ ಅದೇ ಪುಸ್ತಕದಲ್ಲಿ, ಅದೇ ನಿಯಮದಲ್ಲಿ ಇರಬೇಕು. ಅಳಿಯ ಹತ್ತಕ್ಕೆ ಬಂದರೂ ನಡೆಯುತ್ತದೆ ಎಂದಾದ ದಿನವೇ ಉಳಿದವರ ಎಂಟು ಗಂಟೆ ಒಂಬತ್ತಾಗುತ್ತದೆ.

ಹೆಣ್ಣುಮಕ್ಕಳು ದುಡಿಯುವ ಕಡೆ ಇನ್ನೊಂದು ಮಾಹಿತಿಯನ್ನು ಗೋಡೆಗೆ ಹಚ್ಚಿ. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಸಣ್ಣ ಅಂಗಡಿಗೂ ಅನ್ವಯಿಸುತ್ತದೆ. ಹತ್ತು ಅಥವಾ ಹೆಚ್ಚು ಜನರಿದ್ದರೆ ಒಳಗಿನ ಸಮಿತಿ ಇರಬೇಕು. ಕಡಿಮೆ ಇದ್ದರೆ, ಅಥವಾ ದೂರು ಮಾಲೀಕರ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಸರಕು ಒಯ್ಯಲು ಬರುವ ಚಾಲಕ, ಹಣ ಕೊಡಲು ಬರುವ ಗಿರಾಕಿ ಯಾರೇ ಅಸಭ್ಯವಾಗಿ ನಡೆದರೂ ನೀವು ಕೆಲಸಗಾರರ ಪರ ನಿಲ್ಲುತ್ತೀರಿ ಎಂದು ಬಾಯಿ ಬಿಟ್ಟು ಹೇಳಿ. ಒಬ್ಬ ಗಿರಾಕಿ ಹೋದರೆ ಹೋಗಲಿ.

ಹೆಜ್ಜೆ 8: ಬಿಟ್ಟು ಹೋಗುವವರನ್ನು ಸರಿಯಾಗಿ ಕಳಿಸಿ

ರಾಶಿ ಮುಗಿದ ಮೇಲೆ ಯಾದಗಿರಿ, ಕಲಬುರಗಿಯ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೋಗುವ ಕುಟುಂಬಗಳು ಇಂದಿಗೂ ಇವೆ. ಗಂಡ ಕಟ್ಟಡ ಕೆಲಸಕ್ಕೆ ಹೊರಟರೆ ನಿಮ್ಮಲ್ಲಿ ರೊಟ್ಟಿ ಬಡಿಯುವ ಹೆಂಡತಿಯೂ ಹೊರಡುತ್ತಾಳೆ. ತಡೆಯಲು ಹೋಗಬೇಡಿ, ಸಿಟ್ಟಿನಲ್ಲಿ ಬಾಕಿ ಹಿಡಿಯಬೇಡಿ. ಕೊನೆಯ ದಿನವೇ ಪೂರ್ತಿ ಲೆಕ್ಕ ಚುಕ್ತಾ ಮಾಡಿ.

ಗುಳೆ ಹೋದವರು ಮರಳುವುದಕ್ಕೂ ಒಂದು ಕಾಲವಿದೆ. ಯುಗಾದಿಗೆ, ಮೊಹರಂಗೆ, ಊರ ಜಾತ್ರೆಗೆ ಬರುತ್ತಾರೆ, ಬಿತ್ತನೆಗೆಂದು ಜೂನ್ ಮೊದಲ ವಾರಗಳಲ್ಲಿ ಬಂದು ಕೆಲವರು ಉಳಿದೇಬಿಡುತ್ತಾರೆ. ಹೊಸಬರನ್ನು ಹುಡುಕುವ ನಿಮ್ಮ ಪ್ರಯತ್ನವನ್ನೂ ಆ ವಾರಗಳಿಗೇ ಇಟ್ಟುಕೊಳ್ಳಿ. ಹೊಸಬರಿಗೆ ಒಂದು ವಾರದ ಪ್ರಯೋಗ ಕೊಡುವುದಾದರೆ ಆ ವಾರಕ್ಕೂ ಪೂರ್ತಿ ಕೂಲಿ ಕೊಡಿ. ಹಳಬರು ಮರಳಿ ಬಂದರೆ ಬಿಟ್ಟು ಹೋದಾಗ ಇದ್ದ ದರಕ್ಕೆ ಈ ನಡುವೆ ಆದ ಏರಿಕೆಯನ್ನು ಸೇರಿಸಿಯೇ ಮಾತಾಡಿ.

ಇದಕ್ಕಾಗಿ ಹಾಜರಿ ಪುಸ್ತಕದ ಕೊನೆಯ ನಾಲ್ಕು ಪುಟಗಳನ್ನು ಕಾಯ್ದಿರಿಸಿ. ಬಿಟ್ಟು ಹೋದವರ ಹೆಸರು, ಊರು, ಸಂಪರ್ಕಿಸಲು ಅವರೇ ಒಪ್ಪಿ ಕೊಟ್ಟ ಮೊಬೈಲ್ ಸಂಖ್ಯೆ, ಯಾವ ಯಾವ ಕೆಲಸ ಬಲ್ಲರು, ಕೊನೆಯ ದರ ಎಷ್ಟಿತ್ತು, ಯಾವ ತಿಂಗಳು ಮರಳಬಹುದು ಎಂದಿದ್ದಾರೆ ಎಂಬುದನ್ನು ಅವರು ಎದುರಿಗಿರುವಾಗಲೇ ಬರೆದುಕೊಳ್ಳಿ. ಮರಳುವ ತಿಂಗಳನ್ನು ಗೋಡೆಯ ಹಾಳೆಯ ಕೊನೆಯ ಖಾಲಿ ಸಾಲಿಗೂ ಏರಿಸಿ, ಆ ತಿಂಗಳ ಮೊದಲ ವಾರದಲ್ಲಿ ಒಮ್ಮೆ ಫೋನ್ ಮಾಡಿ ಕೇಳಿ.